ಬಲಗಡೆಯ ಕುದುರೆ

ಕಾಗದದಲ್ಲಿ ಇದ್ದದ್ದು ಇಷ್ಟೇ:
ಹೆಸರು ಹಾಲಿಸ್. ಬಣ್ಣ ಬೂದು. ವಯಸ್ಸು ಹತ್ತೊಂಬತ್ತು.
ಬಲ ಹಿಂಗಾಲಿನ ಗೊರಸಿನಲ್ಲಿ ಹಳೆಯ ಬಿರುಕು.
ಸೇವೆ ಹನ್ನೊಂದು ವರ್ಷ, ಸೈನ್ಯದ ಶವಗಾಡಿಗೆ.
ಗುಣ ಎಂಬಲ್ಲಿ ಯಾರೋ ಪೆನ್ಸಿಲಿನಲ್ಲಿ: ‘ಒಳ್ಳೆಯವನು.’

ನಾನು ಡೆಲ್ಫಿನ್ ಟಕ್‌ವಿಲರ್,
ಗ್ರೀನ್‌ಬ್ರಯರ್ ಕಣಿವೆಯ ಸೊಟ್ಟ ರಸ್ತೆಗಳಲ್ಲಿ
ಮೂವತ್ತೊಂದು ವರ್ಷ ಹಳದಿ ಶಾಲಾ ಬಸ್ಸು ಓಡಿಸಿದವಳು.
ನಿಲ್ಲುವುದು, ಹೊರಡುವುದು, ಮತ್ತೆ ನಿಲ್ಲುವುದು
ಎಂಥ ಕೆಲಸವೆಂದು ನನಗೂ ಗೊತ್ತು.
ಅರ್ಜಿಯಲ್ಲಿ ‘ಕುದುರೆಯ ಅನುಭವ?’ ಎಂದು ಕೇಳಿದ್ದಕ್ಕೆ
ಅದನ್ನೇ ಬರೆದೆ. ಹೇಗೋ ಒಪ್ಪಿದರು.

ಅವನು ಬಂದದ್ದು ಮಾರ್ಚ್ ಕೊನೆಯ ಶನಿವಾರ.
ಮೊಮ್ಮಗ ಏಮರಿ ಹಳೇ ಬೆಡ್‌ಶೀಟಿಗೆ ಬಣ್ಣ ಬಳಿದು
ಬೇಲಿಗೆ ಕಟ್ಟಿದ್ದ: ‘ಮನೆಗೆ ಸ್ವಾಗತ.’
ಜಾಗ ಸಾಲದೆ ಕೊನೆಯ ಅಕ್ಷರಗಳು
ಒಂದರ ಮೇಲೊಂದು ಹತ್ತಿ ಕೂತಿದ್ದವು.
ಚರ್ಚಿನವರು, ನನ್ನ ಬಸ್ಸಿನ ಮಕ್ಕಳು, ಅವರ ಮಕ್ಕಳು.
ಟ್ರೇಲರಿನ ಬಾಗಿಲು ಇಳಿದದ್ದೇ ತಡ
ಎಲ್ಲರೂ ಚಪ್ಪಾಳೆ ತಟ್ಟಿದರು.

ಒಳಗೆ ದಡಬಡ. ತಗಡಿಗೆ ಗೊರಸು.
ಕಣ್ಣಿನ ಬಿಳಿ.
ಕರೆತಂದ ಸಾರ್ಜೆಂಟ್ ಪ್ರುಯಿಟ್ ಕೈಯೆತ್ತಿದಳು:
‘ತಟ್ಟಬೇಡಿ, ದಯವಿಟ್ಟು.
ಬಂದೂಕಿಗೆ ಅವನು ಕಿವಿಯನ್ನೂ ಅಲುಗಿಸುವುದಿಲ್ಲ,
ದಿನಕ್ಕೆ ಐದಾರು ಸಲ ಕೇಳಿದ್ದಾನೆ.
ಆದರೆ ಅವನಿದ್ದಲ್ಲಿ, ಇಷ್ಟು ವರ್ಷ,
ಯಾರೂ ಚಪ್ಪಾಳೆ ತಟ್ಟಿಲ್ಲ.’

ಕೈಗಳು ಅಲ್ಲಲ್ಲೇ ನಿಂತವು.
ಯಾರದೋ ಟೋಪಿ ತಾನಾಗಿ ತಲೆಯಿಂದ ಇಳಿಯಿತು.
ಆ ಮೌನದ ಗುರುತು ಅವನಿಗೆ ಸಿಕ್ಕಿತು.
ಕತ್ತು ತಗ್ಗಿಸಿ, ಒಂದೊಂದೇ ಹೆಜ್ಜೆ,
ಯಾರನ್ನೋ ಮಣ್ಣಿಗೆ ತಲುಪಿಸುವವನ ಹಾಗೆ
ನಮ್ಮ ನಡುವೆ ಹಾದು ಲಾಯಕ್ಕೆ ನಡೆದ.
ಸೇಬಿನ ಪೈ ತಂದವಳು ಅದನ್ನು
ಎದೆಗೆ ಒತ್ತಿಕೊಂಡೇ ನಿಂತಿದ್ದಳು.

ಹೊರಡುವ ಮುನ್ನ ಪ್ರುಯಿಟ್ ಹೇಳಿದಳು:
ಗಾಡಿಗೆ ಆರು ಕುದುರೆ. ಎಡಗಡೆಯ ಮೂರಕ್ಕೆ ಸವಾರರು.
ಬಲಗಡೆಯ ಮೂರಕ್ಕೆ ಬರೀ ಜೀನು, ಮೇಲೆ ಯಾರೂ ಇಲ್ಲ.
ಇವನು ಬಲಗಡೆಯವನು.
‘ಯಾರೂ ಕೂರದ ಆ ಜೀನನ್ನು
ದಿನಾ ಬೆಳಗಿನ ನಾಲ್ಕಕ್ಕೆ ಉಜ್ಜುತ್ತಿದ್ದವಳು ನಾನು.’
ಆಮೇಲೆ ಟ್ರಕ್ಕಿನೊಳಗೆ ಬಹಳ ಹೊತ್ತು ಕೂತಿದ್ದಳು,
ಎಂಜಿನ್ ಹಾಕದೆ.

ಆರು ಎಕರೆ ಹುಲ್ಲು. ಓಡಲಿಲ್ಲ.
ಬೇಲಿಯ ಹತ್ತಿರ ಬಲಕ್ಕೇ ಸರಿದು ನಿಲ್ಲುತ್ತಿದ್ದ,
ಎಡಗಡೆ ಇನ್ನೊಂದು ಕುದುರೆಗೆ ಜಾಗ ಬಿಟ್ಟು.
ನಾನು ಲದ್ದಿಯ ತಳ್ಳುಗಾಡಿ ಹಿಡಿದು ಹೊರಟರೆ
ಚಕ್ರದ ಕಿರುಗುಟ್ಟಿಗೆ ಕಿವಿ ನಿಮಿರಿಸಿ
ಪಕ್ಕಕ್ಕೆ ಬಂದು ಹೆಜ್ಜೆ ಕೂಡಿಸುತ್ತಿದ್ದ.
ಗಂಭೀರ. ಬಾಲವೂ ಅಲುಗದು.
ಜನರಲ್‌ಗಳಿಗೆ ಸಂದ ಮರ್ಯಾದೆಯಲ್ಲಿ
ತಿಪ್ಪೆಯವರೆಗೆ ನಾವಿಬ್ಬರು.
ಅಲ್ಲಿ ನಿಂತು ಕಾಯುತ್ತಿದ್ದ, ತುತ್ತೂರಿಗೆ.
ಒಂದು ದಿನ ಏಮರಿ ನಗು ತಡೆಯಲಾರದೆ
ಬಾಯಲ್ಲೇ ಊದಿದ, ಅರ್ಧಂಬರ್ಧ.
ಹಾಲಿಸ್ ಉಸಿರು ಬಿಟ್ಟು ಹಿಂದಿರುಗಿದ.
ಅಂದಿನಿಂದ ದಿನವೂ ಊದಬೇಕಾಯಿತು.

ಮೇ ತಿಂಗಳು, ಮಳೆ ಬಿಟ್ಟ ಒಂದು ಮಧ್ಯಾಹ್ನ
ತೊರೆಯ ಪಕ್ಕದ ಕೆಸರನ್ನು ತುಂಬ ಹೊತ್ತು ಮೂಸಿದ.
ಸುತ್ತ ನೋಡಿದ. ಬ್ರಷ್ಷು ಹಿಡಿದವರು ಯಾರೂ ಇಲ್ಲ.
ಮುಂಗಾಲು ಮಡಿಸಿದ, ದೊಪ್ಪೆಂದು ಬಿದ್ದ,
ಹೊರಳಿದ. ನಾಲ್ಕೂ ಕಾಲು ಆಕಾಶಕ್ಕೆ!
ಹನ್ನೊಂದು ವರ್ಷ ಉಜ್ಜಿಸಿಕೊಂಡ ಬೂದು ಹೊಳಪು
ಒಂದು ಮಗ್ಗುಲು ಕಂದು, ಇನ್ನೊಂದು ಇನ್ನೂ ಕಂದು.
ಎದ್ದು ಮೈ ಝಾಡಿಸಿದರೆ ಕೆಸರು
ಹಗ್ಗದ ಮೇಲಿದ್ದ ನನ್ನ ಬಿಳಿ ಹೊದಿಕೆಯವರೆಗೆ.
ಬೈಯಲೆಂದು ಬಾಯಿ ತೆರೆದೆ.
ಆಗಲೇ ನೋಡಿದ್ದು, ನನ್ನ ಎರಡು ಕೈ
ಒಂದನ್ನೊಂದು ಹುಡುಕುತ್ತ ಮೇಲೆದ್ದಿದ್ದವು.
ಹಿಡಿದುಕೊಂಡೆ.

ಈಗ ಸಂಜೆ, ಓಟ್ಸ್ ಬಕೀಟು ಅವನ ಮೂತಿಯ ಕೆಳಗಿರುವಾಗ
ನಾನು ಅಂಗಳದ ಆ ತುದಿಗೆ ಹೋಗಿ,
ಸೆಕೆಯಲ್ಲೂ ಉಣ್ಣೆಯ ಕೈಗವಸು ತೊಟ್ಟು,
ಒಂದೇ ಸಲ, ಮೆತ್ತಗೆ, ತಟ್ಟುತ್ತೇನೆ.
ಅವನು ತಲೆಯೆತ್ತುತ್ತಾನೆ.
ಅಗಿಯುವುದು ನಿಲ್ಲುತ್ತದೆ.
ಮತ್ತೆ ಶುರುವಾಗುತ್ತದೆ.
ಇವತ್ತಿಗೆ ಇಷ್ಟು ಸಾಕು.